ಕೀಟಗಳ ಮೋಹಕ ವಾಸನೆ, ಅದನ್ನು ಲ್ಯಾಬಿನಲ್ಲಿ ತಯಾರಿಸುವ ಬಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಅದಕ್ಕೂ ಮುಂಚೆ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಕೆಲವು ವರ್ಷ ಫೆರೊಮೋನ್ ತಯಾರಿಸುವ ಕೆಲಸ ಮಾಡಿದ್ದೆ. ಊರಿಗೆ ಹೋದರೆ ರೈತರು ಒಂದು ಥರ ಪ್ರಶ್ನೆ ಕೇಳುತ್ತಾರೆ, ಕ್ಲಾಸಿನಲ್ಲಿ ಮಕ್ಕಳು ಇನ್ನೊಂದು ಥರ ಕೇಳುತ್ತಾರೆ. ಎರಡನ್ನೂ ಇಲ್ಲಿ ಸೇರಿಸಿದ್ದೇನೆ.

ಫೆರೊಮೋನ್ ಅಂದ್ರೆ ಏನು?

ಒಂದು ಜೀವಿ ಹೊರಗೆ ಬಿಡುವ ರಾಸಾಯನಿಕ. ಅದೇ ಜಾತಿಯ ಇನ್ನೊಂದು ಜೀವಿ ಅದನ್ನು ಗ್ರಹಿಸಿ ಏನಾದರೂ ಮಾಡುತ್ತದೆ: ಹತ್ತಿರ ಬರುತ್ತದೆ, ಓಡಿಹೋಗುತ್ತದೆ, ಕೂಡುತ್ತದೆ, ಕಚ್ಚುತ್ತದೆ. ಈ ಹೆಸರು ಕೊಟ್ಟವರು ಪೀಟರ್ ಕಾರ್ಲ್‌ಸನ್ ಮತ್ತು ಮಾರ್ಟಿನ್ ಲ್ಯೂಷರ್, 1959ರಲ್ಲಿ. ಗ್ರೀಕ್ ಭಾಷೆಯ 'ಹೊತ್ತೊಯ್ಯು' ಮತ್ತು 'ಕೆರಳಿಸು' ಅನ್ನುವ ಎರಡು ಪದ ಸೇರಿ ಆದ ಹೆಸರು ಅದು.

ನೋಡಬೇಕು ಅಂದ್ರೆ ಅಡುಗೆಮನೆಗೆ ಹೋಗಿ. ಸಕ್ಕರೆ ಡಬ್ಬಿಯತ್ತ ಇರುವೆ ಸಾಲು ಹೊರಟಿರುತ್ತದೆ. ಸಾಲಿಗೆ ಅಡ್ಡಲಾಗಿ ಒದ್ದೆ ಬೆರಳಿನಿಂದ ಒಂದು ಸಲ ಗಟ್ಟಿಯಾಗಿ ಒರೆಸಿ. ಬಂದ ಇರುವೆ ಅಲ್ಲೇ ನಿಲ್ಲುತ್ತದೆ. ಮೀಸೆ ಆಡಿಸುತ್ತದೆ, ಎಡಕ್ಕೆ ಹೋಗಿ ಬಲಕ್ಕೆ ಬಂದು ಹುಡುಕುತ್ತದೆ. ನೆಲದ ಮೇಲೆ ಕಣ್ಣಿಗೆ ಕಾಣದ ಗೆರೆ ಇತ್ತು, ನೀವು ಅದನ್ನು ಅಳಿಸಿದ್ದೀರಿ.

ಮೊದಲು ಕಂಡುಹಿಡಿದದ್ದು ಯಾವ ಕೀಟದ್ದು?

ನಮ್ಮ ರೇಷ್ಮೆ ಹುಳುವಿನದ್ದೇ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಮತ್ತು ಅವರ ತಂಡ ಸುಮಾರು 20 ವರ್ಷ ಇದರ ಬೆನ್ನುಹತ್ತಿ 1959ರಲ್ಲಿ ಫಲಿತಾಂಶ ಪ್ರಕಟಿಸಿತು. ಬುಟೆನಾಂಟ್ ಅವರಿಗೆ ಮನುಷ್ಯರ ಲೈಂಗಿಕ ಹಾರ್ಮೋನುಗಳ ಕೆಲಸಕ್ಕಾಗಿ 1939ರಲ್ಲೇ ನೊಬೆಲ್ ಘೋಷಣೆಯಾಗಿತ್ತು. ಅಷ್ಟು ದೊಡ್ಡ ಕೆಮಿಸ್ಟ್‌ಗೂ 20 ವರ್ಷ ಹಿಡಿಯಿತು ಅಂದ್ರೆ ಕೆಲಸ ಎಷ್ಟು ಕಷ್ಟದ್ದು ನೋಡಿ.

ಕಷ್ಟ ಇದ್ದದ್ದು ಪ್ರಮಾಣದಲ್ಲಿ. ಒಂದು ಹೆಣ್ಣು ಪತಂಗದ ಗ್ರಂಥಿಯಲ್ಲಿ ಇರುವುದು ತೀರಾ ಕಮ್ಮಿ. ಅವರು ಸುಮಾರು 5 ಲಕ್ಷ ಹೆಣ್ಣು ಪತಂಗಗಳ ಹೊಟ್ಟೆಯ ತುದಿ ಕತ್ತರಿಸಿ ಸಾರ ತೆಗೆದರು. ಕೊನೆಗೆ ಕೈಗೆ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಬೇರೆ ಕೀಟ ತೆಗೆದುಕೊಂಡಿದ್ದರೆ ಇಷ್ಟು ಲಕ್ಷ ಸಿಗುವುದು ಕಷ್ಟವಿತ್ತು. ರೇಷ್ಮೆ ಹುಳುವನ್ನು ಮನುಷ್ಯರು ಸಾವಿರಾರು ವರ್ಷದಿಂದ ಸಾಕಿಕೊಂಡು ಬಂದಿದ್ದರಿಂದ ಇದು ಸಾಧ್ಯವಾಯಿತು. ಆ ಅಣುವಿಗೆ ಬಾಂಬಿಕಾಲ್ ಅಂತ ಹೆಸರಾಯಿತು. 16 ಕಾರ್ಬನ್ನಿನ ಸರಪಳಿ, ಒಂದು ತುದಿಯಲ್ಲಿ ಆಲ್ಕೊಹಾಲ್, ನಡುವೆ ಎರಡು ಡಬಲ್ ಬಾಂಡ್. ಅಷ್ಟೇ.

ರೇಷ್ಮೆ ಮೊಟ್ಟೆ ತಯಾರಿಸುವ ಗ್ರೇನೇಜ್ ನೋಡಿದವರಿಗೆ ಬಾಂಬಿಕಾಲ್ ಕೆಲಸ ಮಾಡುವುದು ಗೊತ್ತೇ ಇರುತ್ತದೆ, ಹೆಸರು ಗೊತ್ತಿರುವುದಿಲ್ಲ ಅಷ್ಟೇ. ನಾನು ಒಮ್ಮೆ ಬೆಳಿಗ್ಗೆ ಬೇಗ ಹೋಗಿ ಕೂತಿದ್ದೆ. ಗೂಡಿನಿಂದ ಆಗತಾನೇ ಹೊರಬಂದ ಹೆಣ್ಣು ಕೂತಲ್ಲೇ ಕೂತಿತ್ತು. ಹೊಟ್ಟೆಯ ತುದಿಯಿಂದ ಹಳದಿ ಬಣ್ಣದ ಸಣ್ಣ ಗುಳ್ಳೆಯಂಥದ್ದು ಹೊರಗೆ ಬಂತು. ಅದೇ ಗ್ರಂಥಿ. ಅರ್ಧ ಅಡಿ ದೂರದಲ್ಲಿ ಸುಮ್ನೆ ಬಿದ್ದಿದ್ದ ಗಂಡು ಸಡನ್ನಾಗಿ ರೆಕ್ಕೆ ಬಡಿಯಲು ಶುರು ಮಾಡಿತು. ರೇಷ್ಮೆ ಪತಂಗಕ್ಕೆ ಹಾರಲು ಬರುವುದಿಲ್ಲ. ರೆಕ್ಕೆ ಬಡಿಯುತ್ತಾ, ಅಂಕುಡೊಂಕಾಗಿ ನಡೆಯುತ್ತಾ, ತಟ್ಟೆಯಲ್ಲಿದ್ದ ಬೇರೆ ಗಂಡುಗಳನ್ನೆಲ್ಲ ದಾಟಿ ಅದೇ ಹೆಣ್ಣಿನ ಹತ್ತಿರ ಬಂತು.

ಇಷ್ಟು ಸ್ವಲ್ಪ ವಾಸನೆ ಗಂಡಿಗೆ ಹೇಗೆ ತಿಳಿಯುತ್ತದೆ?

ಗಂಡಿನ ಕುಡಿಮೀಸೆ ನೋಡಿ, ಬಾಚಣಿಗೆಯ ಹಾಗಿರುತ್ತದೆ. ಒಂದೊಂದರ ಮೇಲೂ ಬಾಂಬಿಕಾಲನ್ನೇ ಹಿಡಿಯಲು ಇರುವ ಸುಮಾರು 17,000 ಸಣ್ಣ ಕೂದಲುಗಳಿವೆ. ಒಂದೇ ಒಂದು ಅಣು ತಾಗಿದರೂ ಒಂದು ನರಕೋಶ ಸಂಕೇತ ಕಳಿಸಬಲ್ಲದು. ಕೆಲವು ನೂರು ಸಂಕೇತ ಒಟ್ಟಿಗೆ ಬಂದರೆ ಸಾಕು, ಪತಂಗ ರೆಕ್ಕೆ ಬಡಿಯುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಯಂತ್ರ ನಮ್ಮ ಲ್ಯಾಬಿನಲ್ಲಿ ಇರಲಿಲ್ಲ. ಅದಕ್ಕೇ ಕೀಟದ ಮೀಸೆಯನ್ನೇ ಯಂತ್ರವಾಗಿ ಬಳಸುತ್ತಿದ್ದೆವು. ಆ ವಿಷಯ ಕೊನೆಯಲ್ಲಿ ಹೇಳುತ್ತೇನೆ.

'ಝಡ್' ಮತ್ತು 'ಇ' ಅಂತ ಬರೆದಿರುತ್ತಾರಲ್ಲ, ಅದೇನು?

ಈ ಇಡೀ ವಿಷಯದ ಜೀವಾಳ ಇದೇ. ಕಾರ್ಬನ್ ಸರಪಳಿಯಲ್ಲಿ ಎಲ್ಲಾದರೂ ಡಬಲ್ ಬಾಂಡ್ ಇದ್ದರೆ ಆ ಜಾಗದಲ್ಲಿ ಸರಪಳಿ ತಿರುಗುವುದಿಲ್ಲ, ಬಿಗಿಯಾಗಿ ನಿಲ್ಲುತ್ತದೆ. ಸರಪಳಿಯ ಎರಡೂ ತುದಿ ಒಂದೇ ಕಡೆ ಇದ್ದರೆ ಝಡ್. ಅಣು ಮೊಣಕೈ ಮಡಚಿದ ಹಾಗೆ ಬಾಗಿರುತ್ತದೆ. ತುದಿಗಳು ಎದುರುಬದುರು ಕಡೆ ಇದ್ದರೆ ಇ, ಅಣು ಹೆಚ್ಚುಕಮ್ಮಿ ನೇರವಾಗಿರುತ್ತದೆ. ತೂಕ ಒಂದೇ, ಪರಮಾಣುಗಳ ಲೆಕ್ಕ ಒಂದೇ, ಆಕಾರ ಮಾತ್ರ ಬೇರೆ.

ಬಾಂಬಿಕಾಲ್‌ನಲ್ಲಿ ಎರಡು ಡಬಲ್ ಬಾಂಡ್ ಇರುವುದರಿಂದ ನಾಲ್ಕು ಆಕಾರ ಸಾಧ್ಯ. ಬುಟೆನಾಂಟ್ ತಂಡ ನಾಲ್ಕನ್ನೂ ಲ್ಯಾಬಿನಲ್ಲಿ ಕಟ್ಟಿ ಗಂಡು ಪತಂಗದ ಮುಂದೆ ಹಿಡಿಯಿತು. 10ನೇ ಕಾರ್ಬನ್ನಿನಲ್ಲಿ ಇ, 12ನೆಯದರಲ್ಲಿ ಝಡ್ ಇದ್ದದ್ದಕ್ಕೆ ಪತಂಗ ಕುಣಿಯಿತು. ಉಳಿದ ಮೂರೂ ಅದರ ಹತ್ತಿರಕ್ಕೂ ಬರಲಿಲ್ಲ. ಬೀಗಕ್ಕೆ ಬೀಗದ ಕೈ ಇದ್ದ ಹಾಗೆ ಅಲ್ವಾ ಅಂತ ಮಕ್ಕಳು ಕೇಳುತ್ತಾರೆ. ಹೌದು, ಹಾಗೇ.

ಒಂದು ಕೀಟಕ್ಕೆ ಒಂದೇ ಅಣುವಾ?

ಸಾಮಾನ್ಯವಾಗಿ ಅಲ್ಲ. ಎರಡು ಮೂರು ಅಣುಗಳ ಮಿಶ್ರಣ ಇರುತ್ತದೆ. ಸಾರಿನ ಪುಡಿಯ ಹಾಗೆ, ಯಾವುದು ಎಷ್ಟು ಅನ್ನುವುದೇ ಮುಖ್ಯ.

ಹತ್ತಿಯ ಗುಲಾಬಿ ಕಾಯಿಕೊರಕಕ್ಕೆ ಗಾಸಿಪ್ಲೂರ್ ಅನ್ನುವ ಫೆರೊಮೋನ್ ಬಳಸುತ್ತಾರೆ. ಅದರಲ್ಲಿ ಎರಡು ಅಣು, ಹೆಚ್ಚುಕಮ್ಮಿ ಸಮಸಮ. ಒಂದರಲ್ಲಿ ಎರಡೂ ಡಬಲ್ ಬಾಂಡ್ ಝಡ್, ಇನ್ನೊಂದರಲ್ಲಿ ಒಂದು ಝಡ್, ಒಂದು ಇ. ತೊಗರಿ, ಕಡಲೆಗೆ ಬೀಳುವ ಹಸಿರು ಕಾಯಿಕೊರಕದಲ್ಲಿ ಎರಡು ಆಲ್ಡಿಹೈಡ್, ಸುಮಾರು 97ಕ್ಕೆ 3ರ ಲೆಕ್ಕ. ಆ 3 ಪಾಲು ಬಿಟ್ಟರೆ ಬಲೆಗೆ ಬೀಳುವುದು ಕಡಿಮೆಯಾಗುತ್ತದೆ. ಯುರೋಪಿನ ಮೆಕ್ಕೆಜೋಳ ಕೊರಕದ ಕಥೆ ನನಗೆ ತುಂಬಾ ಇಷ್ಟ. ಒಂದೇ ಜಾತಿಯಲ್ಲಿ ಎರಡು ಪಂಗಡ. ಎರಡೂ ಬಳಸುವುದು ಅದೇ ಎರಡು ಅಣು. ಒಂದು ಪಂಗಡ ಝಡ್ 97, ಇ 3 ಅಂತ ಬೆರೆಸಿದರೆ, ಇನ್ನೊಂದು ಝಡ್ 1, ಇ 99 ಅಂತ ಬೆರೆಸುತ್ತದೆ. ಲೆಕ್ಕ ತಿರುಗಿದ್ದಕ್ಕೆ ಒಂದು ಪಂಗಡದ ಗಂಡು ಇನ್ನೊಂದರ ಹೆಣ್ಣಿನ ಹತ್ತಿರ ಸುಳಿಯುವುದೇ ಅಪರೂಪ.

ಲ್ಯಾಬಿನಲ್ಲಿ ಹೇಗೆ ತಯಾರಿಸುತ್ತಾರೆ?

ನಾನು ಕೈಯಾರೆ ಮಾಡಿದ ಒಂದನ್ನೇ ವಿವರಿಸುತ್ತೇನೆ. ಅಮೆರಿಕ ಖಂಡದಿಂದ ಬಂದ ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಅದರ ಮುಖ್ಯ ಫೆರೊಮೋನ್ ಝಡ್-9-ಟೆಟ್ರಾಡೆಸಿನೈಲ್ ಅಸಿಟೇಟ್. ಹೆಸರು ಉದ್ದ, ಅಣು ಸರಳ. 14 ಕಾರ್ಬನ್, 9ನೆಯದರಲ್ಲಿ ಝಡ್ ಡಬಲ್ ಬಾಂಡ್, ತುದಿಯಲ್ಲಿ ಅಸಿಟೇಟ್.

14ನ್ನು 8 ಮತ್ತು 6 ಅಂತ ಒಡೆದುಕೊಳ್ಳುತ್ತೇವೆ. 8 ಕಾರ್ಬನ್ನಿನ ತುಂಡಿಗೆ ಎರಡೂ ತುದಿಯಲ್ಲಿ ಆಲ್ಕೊಹಾಲ್ ಇರುತ್ತದೆ. ಹೈಡ್ರೋಬ್ರೋಮಿಕ್ ಆಮ್ಲ ಹಾಕಿ ಕುದಿಸಿ ಒಂದು ತುದಿಯನ್ನು ಮಾತ್ರ ಬ್ರೋಮೈಡ್ ಮಾಡಬೇಕು. ಇನ್ನೊಂದು ತುದಿ ಮುಂದಿನ ಹಂತದಲ್ಲಿ ತೊಂದರೆ ಕೊಡದ ಹಾಗೆ ಅದಕ್ಕೊಂದು ಟೋಪಿ ಹಾಕಿಡುತ್ತೇವೆ, ಆಮೇಲೆ ತೆಗೆಯಬಹುದಾದ ಟೋಪಿ. 6 ಕಾರ್ಬನ್ನಿನ ತುಂಡು ಹೆಕ್ಸೈನ್. ಅದರ ತುದಿಯಲ್ಲಿ ಟ್ರಿಪಲ್ ಬಾಂಡ್ ಇದೆ. ಬ್ಯುಟೈಲ್ ಲಿಥಿಯಂ ಹಾಕಿದರೆ ಆ ತುದಿಯ ಹೈಡ್ರೋಜನ್ ಬಿಟ್ಟುಹೋಗಿ ತುಂಡು ಚುರುಕಾಗುತ್ತದೆ, ಬ್ರೋಮೈಡ್ ಇರುವ ತುಂಡಿಗೆ ಹೋಗಿ ಅಂಟಿಕೊಳ್ಳುತ್ತದೆ. ಇಲ್ಲಿ ತೇವ ಇರಲೇಬಾರದು. ಮಳೆಗಾಲದಲ್ಲಿ ಗಾಜಿನ ಫ್ಲಾಸ್ಕುಗಳನ್ನು ಹಿಂದಿನ ರಾತ್ರಿಯೇ ಓವನ್ನಿನಲ್ಲಿ ಇಟ್ಟು, ಬಿಸಿ ಇರುವಾಗಲೇ ನೈಟ್ರೋಜನ್ ತುಂಬುತ್ತಿದ್ದೆವು.

ಟೋಪಿ ತೆಗೆದ ಮೇಲೆ ಕೈಯಲ್ಲಿ 14 ಕಾರ್ಬನ್ನಿನ ಸರಪಳಿ ಇರುತ್ತದೆ. ಆದರೆ 9ನೆಯದರಲ್ಲಿ ಡಬಲ್ ಬದಲು ಟ್ರಿಪಲ್ ಬಾಂಡ್. ಈಗ ಅದನ್ನು ಅರ್ಧ ಮಾತ್ರ ಇಳಿಸಬೇಕು. ಲಿಂಡ್ಲರ್ ಕ್ಯಾಟಲಿಸ್ಟ್ ಬೇಕಾಗುವುದು ಇಲ್ಲಿ. ಸುಣ್ಣದಂಥ ಕ್ಯಾಲ್ಸಿಯಂ ಕಾರ್ಬೊನೇಟ್ ಮೇಲೆ ಪಲ್ಲಾಡಿಯಂ ಲೇಪಿಸಿ, ಅದರ ಜೋರು ತಗ್ಗಿಸಲು ಬೇಕೆಂದೇ ಸೀಸ ಸೇರಿಸಿರುತ್ತಾರೆ. ಅಣು ಲೋಹದ ಮೇಲೆ ಮಲಗಿದಾಗ ಎರಡು ಹೈಡ್ರೋಜನ್‌ಗಳೂ ಒಂದೇ ಕಡೆಯಿಂದ ಬಂದು ಸೇರುತ್ತವೆ. ಅದಕ್ಕೇ ಝಡ್ ಆಕಾರ ಬರುತ್ತದೆ. ಅದೇ ಟ್ರಿಪಲ್ ಬಾಂಡನ್ನು ದ್ರವ ಅಮೋನಿಯಾದಲ್ಲಿ ಸೋಡಿಯಂ ಹಾಕಿ ಇಳಿಸಿದರೆ ಇ ಆಕಾರ ಬರುತ್ತದೆ. ಕೊನೆಗೆ ಅಸಿಟಿಕ್ ಅನ್‌ಹೈಡ್ರೈಡ್ ಹಾಕಿದರೆ ಅಸಿಟೇಟ್ ರೆಡಿ.

ಓದಲು ಸುಲಭ. ಲಿಂಡ್ಲರ್ ಹಂತದಲ್ಲಿ ನಾನು ಒಮ್ಮೆ ಎರಡು ವಾರದ ಕೆಲಸ ಕಳೆದುಕೊಂಡೆ. ಫ್ಲಾಸ್ಕಿನ ಮೇಲೆ ಹೈಡ್ರೋಜನ್ ತುಂಬಿದ ಬಲೂನು ಕಟ್ಟಿ, ಹತ್ತು ನಿಮಿಷಕ್ಕೊಮ್ಮೆ ಒಂದು ಹನಿ ತೆಗೆದು ನೋಡಬೇಕು. ಅಂದು ನಡುವೆ ಒಂದು ಮೀಟಿಂಗಿಗೆ ಹೋದೆ, ಮುಕ್ಕಾಲು ಗಂಟೆ ಆಯಿತು. ವಾಪಸ್ ಬಂದಾಗ ಬಲೂನು ಬಾಡಿ ಜೋತುಬಿದ್ದಿತ್ತು. ಮಿಶ್ರಣದಲ್ಲಿ ಏನೇನಿದೆ ಅಂತ ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮಟೊಗ್ರಾಫ್‌ನಲ್ಲಿ ಹಾಕಿದರೆ ಬಹುಪಾಲು ಡಬಲ್ ಬಾಂಡೂ ಹೋಗಿತ್ತು. ಉಳಿದದ್ದು ಬರೀ ನೇರ ಸರಪಳಿ, ಹುಳುವಿನ ಪಾಲಿಗೆ ಏನೂ ಅಲ್ಲದ್ದು. ಅಂದಿನಿಂದ ಹೈಡ್ರೋಜನ್ ಹಾಕಿದರೆ ಫ್ಲಾಸ್ಕಿನ ಹತ್ತಿರದಿಂದ ಏಳುವುದಿಲ್ಲ.

ಇದೊಂದೇ ದಾರಿಯಲ್ಲ. ವಿಟಿಗ್ ಕ್ರಿಯೆಯಲ್ಲಿ ಎರಡು ತುಂಡು ಸೇರುವ ಜಾಗದಲ್ಲೇ ಡಬಲ್ ಬಾಂಡ್ ಹುಟ್ಟುತ್ತದೆ. ಇಂಥ ಸರಪಳಿಗಳಿಗೆ ಹೆಚ್ಚಾಗಿ ಝಡ್ ಬರುತ್ತದೆ. ಗಿಯೋರ್ಗ್ ವಿಟಿಗ್ ಅವರಿಗೆ 1979ರ ನೊಬೆಲ್ ಸಿಕ್ಕಿದ್ದು ಈ ಕೆಲಸಕ್ಕೆ. ಈಚೆಗೆ ಮೆಟಾಥೆಸಿಸ್ ಬಂದಿದೆ (ಡಬಲ್ ಬಾಂಡಿನ ಎರಡು ಕಡೆಯ ತುಂಡುಗಳನ್ನು ಅದಲುಬದಲು ಮಾಡುವ ಕ್ರಿಯೆ), 2005ರ ನೊಬೆಲ್ ಅದಕ್ಕೆ. ಜೀನ್ ಬದಲಿಸಿದ ಯೀಸ್ಟ್‌ನಲ್ಲಿ, ಎಣ್ಣೆಕಾಳಿನ ಗಿಡದಲ್ಲಿ ಫೆರೊಮೋನ್ ಬೆಳೆಸುವ ಪ್ರಯತ್ನಗಳೂ ಫಲ ಕೊಡುತ್ತಿವೆ. ಬೆಲೆ ಇಳಿಯಬೇಕಾದರೆ ಇವೇ ದಾರಿ ಅಂತ ನನ್ನ ಅನಿಸಿಕೆ.

ಕನ್ನಡಿ ಬಿಂಬದ ಅಣುಗಳಿಂದ ತೊಂದರೆ ಅಂತಾರಲ್ಲ, ಯಾಕೆ?

ಎಡಗೈ ಬಲಗೈ ನೋಡಲು ಒಂದೇ ಥರ, ಆದರೆ ಎಡಗೈ ಗ್ಲೌಸ್ ಬಲಗೈಗೆ ಹಿಡಿಸುವುದಿಲ್ಲ. ಕೆಲವು ಅಣುಗಳೂ ಹೀಗೆ ಜೋಡಿಯಾಗಿ ಇರುತ್ತವೆ. ಸಾಮಾನ್ಯ ವಿಧಾನದಲ್ಲಿ ತಯಾರಿಸಿದರೆ ಎರಡೂ ಸಮಸಮ ಬರುತ್ತವೆ. ಜಪಾನೀಸ್ ಬೀಟಲ್ ಅನ್ನುವ ದುಂಬಿಯಲ್ಲಿ ಒಂದು ರೂಪ ಕರೆಯುತ್ತದೆ, ಅದರ ಕನ್ನಡಿ ಜೋಡಿ ತಡೆಯುತ್ತದೆ. ನೂರಕ್ಕೆ ಒಂದೆರಡು ಪಾಲು ತಪ್ಪು ರೂಪ ಸೇರಿದರೂ ಬಲೆಗೆ ಬೀಳುವುದು ಕಡಿಮೆಯಾಗುತ್ತದೆ. ಜಪಾನಿನ ಕೆಂಜಿ ಮೋರಿ ತಮ್ಮ ಜೀವಮಾನದ ಬಹುಪಾಲನ್ನು ಹೀಗೆ ಒಂದೊಂದು ರೂಪವನ್ನೂ ಪ್ರತ್ಯೇಕವಾಗಿ ಕಟ್ಟುವುದಕ್ಕೇ ಕೊಟ್ಟರು. ಅವರ ಲೇಖನಗಳನ್ನು ನೋಡಿಯೇ ನಮ್ಮಂಥವರು ಕಲಿತದ್ದು.

ನಮ್ಮ ಮಲೆನಾಡಿನ ಉದಾಹರಣೆ ಕಾಫಿಯ ಬಿಳಿ ಕಾಂಡಕೊರಕ. ಅರೇಬಿಕಾ ಬೆಳೆಗಾರರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ. ಇಲ್ಲಿ ವಾಸನೆ ಬಿಡುವುದು ಗಂಡು, ಬರುವುದು ಹೆಣ್ಣು. ಮುಖ್ಯ ಅಣು 2-ಹೈಡ್ರಾಕ್ಸಿ-3-ಡೆಕನೋನ್, ಅದರಲ್ಲೂ ಎಸ್ ಅನ್ನುವ ರೂಪ. ಮೊಟ್ಟೆ ಇಡುವ ಹೆಣ್ಣೇ ಬಲೆಗೆ ಬರುವುದು ದೊಡ್ಡ ಅನುಕೂಲ. ಎಸ್ ರೂಪ ಎಲ್ಲಿಂದ ತರುವುದು? ಪ್ರಕೃತಿ ಆಗಲೇ ಮಾಡಿಟ್ಟಿರುವುದನ್ನು ಬಳಸಿಕೊಳ್ಳಬಹುದು. ಮೊಸರಿನ ಹುಳಿಗೆ ಕಾರಣವಾದ ಲ್ಯಾಕ್ಟಿಕ್ ಆಮ್ಲ ಇದೆಯಲ್ಲ, ಹುದುಗಿಸಿ ತಯಾರಿಸಿದ ಅದರ ಎಸ್ ರೂಪ ಅಗ್ಗವಾಗಿ ಸಿಗುತ್ತದೆ. ಅದರಲ್ಲಿ 3 ಕಾರ್ಬನ್. ಗ್ರಿನ್ಯಾರ್ ವಿಧಾನದಲ್ಲಿ 7 ಕಾರ್ಬನ್ನಿನ ತುಂಡು ಸೇರಿಸಿದರೆ 10 ಆಯಿತು. ಎಸ್ ಎಸ್ ಆಗಿಯೇ ಉಳಿಯುತ್ತದೆ, ಜಾಸ್ತಿ ಬಿಸಿ, ಜಾಸ್ತಿ ಕ್ಷಾರ ತಾಗದಂತೆ ನೋಡಿಕೊಂಡರೆ.

ಮಾವಿನ ಹಣ್ಣು ನೊಣದ ಬಲೆಯಲ್ಲಿ ಇರುವುದೂ ಫೆರೊಮೋನಾ?

ನಿಜವಾಗಿ ಅಲ್ಲ. ಅದರಲ್ಲಿರುವುದು ಮೀಥೈಲ್ ಯೂಜಿನಾಲ್, ಕೆಲವು ಗಿಡಗಳಲ್ಲಿ ಇರುವ ವಸ್ತು. ಗಂಡು ನೊಣ ಅದನ್ನು ತಿಂದು, ಮೈಯಲ್ಲಿ ಬದಲಾಯಿಸಿಕೊಂಡು, ತನ್ನ ಫೆರೊಮೋನ್ ಮಾಡಿಕೊಳ್ಳುತ್ತದೆ. ಇದರ ಮೊದಲ ಸುಳಿವು ಸಿಕ್ಕಿದ್ದು ನಮ್ಮ ದೇಶದಲ್ಲೇ. ಬಿಹಾರದ ಪೂಸಾದಲ್ಲಿದ್ದ ಎಫ್. ಎಂ. ಹೌಲೆಟ್ ಅವರು ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣು ನೊಣ ಮುತ್ತುವುದನ್ನು 1912ರಲ್ಲಿ ವರದಿ ಮಾಡಿದರು. ಆಮೇಲೆ ಆ ಎಣ್ಣೆಯಲ್ಲಿ ಕರೆಯುತ್ತಿರುವುದು ಮೀಥೈಲ್ ಯೂಜಿನಾಲ್ ಅಂತ ತೋರಿಸಿದರು.

ತಯಾರಿಸಲು ಇದಕ್ಕಿಂತ ಸುಲಭದ್ದಿಲ್ಲ. ಲವಂಗದ ಎಣ್ಣೆಯಲ್ಲಿ ಯೂಜಿನಾಲ್ ತುಂಬಿದೆ. ಅದಕ್ಕೆ ಒಂದು ಮೀಥೈಲ್ ಸೇರಿಸಿದರೆ ಆಯಿತು, ಒಂದೇ ಹಂತ. ಹಾಗಂತ ಮನೆಯಲ್ಲಿ ಮಾಡಲು ಹೋಗಬೇಡಿ. ಸೇರಿಸಲು ಬಳಸುವ ಡೈಮೀಥೈಲ್ ಸಲ್ಫೇಟ್ ತೀರಾ ವಿಷಕಾರಿ.

ಇದೇ ವಸ್ತುವಿನ ತೊಂದರೆ ಅಂದ್ರೆ ಬೇಗ ಆವಿಯಾಗುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದ ವಿಜ್ಞಾನಿಗಳು ಇದನ್ನು ಜೆಲ್ ಆಗಿಸಿ ನಿಧಾನವಾಗಿ ಬಿಡುವ ವಿಧಾನವನ್ನು 2013ರಲ್ಲಿ ಪ್ರಕಟಿಸಿದರು. ನನ್ನ ಪಾಠದಲ್ಲಿ ತಪ್ಪದೆ ಹೇಳುವ ಕೆಲಸ ಅದು.

ಮೋಹಕ ಬಲೆ ಹಾಕಿದರೆ ಔಷಧಿ ಹೊಡೆಯುವುದು ಬೇಡವಾ?

ಅದು ಯಾವ ಕೀಟ ಅನ್ನುವುದರ ಮೇಲೆ ಹೋಗುತ್ತದೆ. ಪತಂಗಗಳಲ್ಲಿ ಬಲೆಗೆ ಬರುವುದು ಗಂಡು. ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡಬಲ್ಲದು. ಬಲೆ ತುಂಬಾ ಗಂಡು ಬಿದ್ದರೂ ಉಳಿದ ನಾಲ್ಕೈದು ಸಾಕು. ಆದ್ದರಿಂದ ಸೈನಿಕ ಹುಳು, ಕಾಯಿಕೊರಕಗಳಿಗೆ ಎಕರೆಗೆ ಒಂದೆರಡು ಬಲೆ ಹಾಕುವುದು ಹುಳು ಬಂತಾ ಇಲ್ವಾ ಅಂತ ತಿಳಿಯಲು. ಬಂತು ಅಂತ ಗೊತ್ತಾದರೆ ಮೊಟ್ಟೆ ಹುಡುಕಿ, ಬೇಕಾದಾಗ ಮಾತ್ರ ಔಷಧಿ ಹೊಡೆಯಬಹುದು.

ತೆಂಗಿನ ಕೆಂಪು ಮೂತಿ ಹುಳು ಬೇರೆ ಥರ. ಅದರ ವಾಸನೆಗೆ ಗಂಡೂ ಹೆಣ್ಣೂ ಎರಡೂ ಬರುತ್ತವೆ. ಬಕೆಟ್ಟಿನಲ್ಲಿ ಲ್ಯೂರ್ (ಬಲೆಯಲ್ಲಿಡುವ, ಫೆರೊಮೋನ್ ತುಂಬಿದ ತುಣುಕು) ಜೊತೆ ಬಾಳೆಹಣ್ಣು, ಬೆಲ್ಲದ ನೀರು ಇಟ್ಟರೆ ನಿಜವಾಗಿಯೂ ಹುಳುವಿನ ಸಂಖ್ಯೆ ಇಳಿಸಬಹುದು.

ಮೂರನೆಯ ದಾರಿ, ಹೊಲದ ತುಂಬಾ ವಾಸನೆ ಹರಡಿ ಗಂಡಿಗೆ ಹೆಣ್ಣು ಸಿಗದ ಹಾಗೆ ಮಾಡುವುದು. ಹತ್ತಿ ಗಿಡಗಳಿಗೆ ಗಾಸಿಪ್ಲೂರ್ ತುಂಬಿದ ದಾರ ಕಟ್ಟುವುದು ಇದಕ್ಕೇ. ಆದರೆ ಒಬ್ಬರೇ ಕಟ್ಟಿದರೆ ಪ್ರಯೋಜನ ಕಮ್ಮಿ. ಪಕ್ಕದ ಹೊಲದಲ್ಲಿ ಆಗಲೇ ಕೂಡಿದ ಹೆಣ್ಣು ಹಾರಿಬಂದು ನಿಮ್ಮ ಹತ್ತಿಯಲ್ಲಿ ಮೊಟ್ಟೆ ಇಡುತ್ತದೆ. ಊರಿನವರು ಒಟ್ಟಾಗಿ ಕಟ್ಟಬೇಕು.

ಲ್ಯೂರ್ ತಂದು ಹಾಕಿದೆ, ಒಂದು ಹುಳುವೂ ಬೀಳಲಿಲ್ಲ. ಯಾಕೆ?

ಈ ಪ್ರಶ್ನೆ ಕೇಳುವವರ ಬೇಸರ ನನಗೆ ಅರ್ಥವಾಗುತ್ತದೆ. ಒಂದು ಸಲ ಒಂದು ಅಂಗಡಿಯಲ್ಲಿ ಲ್ಯೂರ್ ಪ್ಯಾಕೆಟ್ಟುಗಳನ್ನು ಬಿಸಿಲು ಬೀಳುವ ಗಾಜಿನ ಶೋಕೇಸಿನಲ್ಲಿ ತೂಗುಹಾಕಿದ್ದು ನೋಡಿದೆ. ಮುಟ್ಟಿದರೆ ಬಿಸಿ. ಒಂದು ರಬ್ಬರ್ ಬಿರಡೆಯಲ್ಲಿ ಇರುವುದೇ ಸಾಮಾನ್ಯವಾಗಿ 1ರಿಂದ 3 ಮಿಲಿಗ್ರಾಂ. ಬಿಸಿಲಿಗೆ ಅದು ಹಾರಿಹೋಗುತ್ತದೆ, ಗಾಳಿಯ ಆಕ್ಸಿಜನ್ ತಾಗಿ ಕೆಡುತ್ತದೆ. ಝಡ್ ಸ್ವಲ್ಪ ಸ್ವಲ್ಪವಾಗಿ ಇ ಆಗಲೂಬಹುದು. ರೈತರು ಪೂರ್ತಿ ದುಡ್ಡು ಕೊಟ್ಟು ಖಾಲಿ ರಬ್ಬರ್ ತಂದ ಹಾಗಾಯಿತು. ತಂಪಾದ ಕಡೆ ಇಟ್ಟಿದ್ದನ್ನೇ ಕೇಳಿ, ತಾರೀಖು ನೋಡಿ, ಮನೆಗೆ ತಂದರೆ ಫ್ರಿಜ್ಜಿನಲ್ಲಿಡಿ. ಬಲೆಗೆ ಹಾಕಿದ ಮೇಲೆ ಮೂರು ನಾಲ್ಕು ವಾರಕ್ಕೆ ಬದಲಿಸಿ.

ಕೈಯ ವಿಷಯವೂ ಇದೆ. ಬದನೆಯ ಲ್ಯೂರ್ ಮುಟ್ಟಿದ ಕೈಯಲ್ಲೇ ಟೊಮೆಟೊದ್ದು ಮುಟ್ಟಬೇಡಿ. ಪ್ಲಾಸ್ಟಿಕ್ ಕವರ್ ಬದಲಿಸಿಕೊಂಡರೆ ಸಾಕು.

ಮನುಷ್ಯರಿಗೆ ಅಪಾಯ ಇದೆಯಾ?

ಪತಂಗಗಳ ಫೆರೊಮೋನುಗಳು ಕೊಬ್ಬಿನಾಮ್ಲಗಳ ನೆಂಟರು. ಬಲೆಯಲ್ಲಿರುವ ಮಿಲಿಗ್ರಾಂ ಲೆಕ್ಕಕ್ಕೆ ಹೆದರಬೇಕಿಲ್ಲ. ಮೀಥೈಲ್ ಯೂಜಿನಾಲ್ ವಿಷಯದಲ್ಲಿ ಮಾತ್ರ ಎಚ್ಚರ. ಜಾಸ್ತಿ ಪ್ರಮಾಣ ಕೊಟ್ಟಾಗ ಇಲಿಗಳ ಲಿವರ್‌ನಲ್ಲಿ ಗೆಡ್ಡೆ ಆದದ್ದು ದಾಖಲಾಗಿದೆ. ಅದೂ ಅಲ್ಲದೆ ಆ ಬಲೆಯ ಮರದ ತುಂಡಿಗೆ ಕೀಟನಾಶಕವನ್ನೂ ಸೇರಿಸಿರುತ್ತಾರೆ. ಗ್ಲೌಸ್ ಹಾಕಿ, ಮಕ್ಕಳ ಕೈಗೆ ಕೊಡಬೇಡಿ.

ಜೇನಿನ ಹತ್ತಿರ ಬಾಳೆಹಣ್ಣು ತಿನ್ನಬಾರದು ಅನ್ನೋದು ನಿಜವಾ?

ಅದರಲ್ಲಿ ಅರ್ಥವಿದೆ. ಜೇನು ಕುಟುಕಿದಾಗ ಐಸೊಅಮೈಲ್ ಅಸಿಟೇಟ್ ಬಿಡುತ್ತದೆ, ಬೇರೆ ಹುಳುಗಳಿಗೆ 'ಇಲ್ಲೇ ಕುಟುಕು' ಅನ್ನುವ ಸೂಚನೆ. ಬಾಳೆಹಣ್ಣಿನ ಘಮದ ಮುಖ್ಯ ಭಾಗವೂ ಅದೇ. ಒಂದು ಹುಳು ಕುಟುಕಿದ ಮೇಲೆ ಆ ಜಾಗವನ್ನು ಬೇಗ ತೊಳೆಯಿರಿ ಅನ್ನುವುದು ಇದಕ್ಕೇ. ಬಿಎಸ್ಸಿ ಮಕ್ಕಳು ಐಸೊಅಮೈಲ್ ಆಲ್ಕೊಹಾಲ್, ಅಸಿಟಿಕ್ ಆಮ್ಲ, ನಾಲ್ಕು ಹನಿ ಸಲ್ಫ್ಯೂರಿಕ್ ಆಮ್ಲ ಹಾಕಿ ಕುದಿಸಿ ತಯಾರಿಸುವ ಎಸ್ಟರ್ ಇದೇ.

ಆನೆಗೂ ಪತಂಗಕ್ಕೂ ಒಂದೇ ಫೆರೊಮೋನ್ ಅಂತ ಓದಿದೆ. ಹೌದಾ?

ಹೌದು! ಬೆದೆಗೆ ಬಂದ ಏಷ್ಯಾದ ಹೆಣ್ಣಾನೆಯ ಮೂತ್ರದಲ್ಲಿ ಝಡ್-7-ಡೋಡೆಸಿನೈಲ್ ಅಸಿಟೇಟ್ ಇರುತ್ತದೆ, ಗಂಡಾನೆಗೆ ಅದೇ ಕರೆ ಅಂತ ರಾಸ್ಮುಸೆನ್ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಫಾಲ್ ಸೈನಿಕ ಹುಳುವಿನ ಮಿಶ್ರಣದಲ್ಲಿ ಚಿಟಿಕೆಯಷ್ಟು ಇರುವುದೂ ಅದೇ ಅಣು. ಪತಂಗ ಆನೆಯ ಹಿಂದೆ ಹೋಗುವುದಿಲ್ಲ, ಯಾಕಂದ್ರೆ ಅದಕ್ಕೆ ಬೇಕಾದ ಉಳಿದ ಅಣು, ಸರಿಯಾದ ಲೆಕ್ಕ ಅಲ್ಲಿಲ್ಲ. ನಾಗರಹೊಳೆಯ ಆನೆಗೂ ಜೋಳದ ಹೊಲದ ಹುಳುವಿಗೂ ಅಕ್ಷರ ಒಂದೇ, ಮಾತು ಬೇರೆ.

ತಯಾರಿಸಿದ್ದು ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತದೆ?

ಮೊದಲು ಗ್ಯಾಸ್ ಕ್ರೊಮಟೊಗ್ರಾಫ್. ಝಡ್ ಎಷ್ಟು, ಇ ಎಷ್ಟು ಅಂತ ಅದರಲ್ಲಿ ಕಾಣುತ್ತದೆ. ಇ ಜಾಸ್ತಿ ಸೇರಿದ್ದರೆ ಬೆಳ್ಳಿ ನೈಟ್ರೇಟ್ ಲೇಪಿಸಿದ ಸಿಲಿಕಾ ಕಾಲಂನಲ್ಲಿ ಹಾಯಿಸುತ್ತೇವೆ. ಬೆಳ್ಳಿಗೆ ಝಡ್ ಜಾಸ್ತಿ ಅಂಟಿಕೊಳ್ಳುತ್ತದೆ, ಇ ಮೊದಲು ಇಳಿದುಹೋಗುತ್ತದೆ.

ಆಮೇಲೆ ಕೀಟದ ಮೀಸೆ. ಗಂಡು ಪತಂಗದ ಒಂದು ಕುಡಿಮೀಸೆಯನ್ನು ಎರಡು ತೆಳು ಎಲೆಕ್ಟ್ರೋಡಿನ ನಡುವೆ ಕೂರಿಸಿ, ಮೇಲೆ ವಾಸನೆ ಹಾಯಿಸುತ್ತೇವೆ. ಸರಿಯಾದ ಅಣು ತಾಗಿದ ಕ್ಷಣ ಪರದೆಯ ಮೇಲಿನ ಗೆರೆ ಕುಸಿಯುತ್ತದೆ. ಡೀಟ್ರಿಚ್ ಶ್ನೈಡರ್ ಅವರು 1950ರ ದಶಕದಲ್ಲಿ ರೇಷ್ಮೆ ಪತಂಗದ ಮೇಲೇ ಶುರು ಮಾಡಿದ ವಿಧಾನ ಇದು.

ಕೊನೆಯ ಪರೀಕ್ಷೆ ಹೊಲದಲ್ಲಿ. ನಾನು ಮಾಡಿದ ಸೈನಿಕ ಹುಳುವಿನ ಮಿಶ್ರಣವನ್ನು ರಾಣೆಬೆನ್ನೂರಿನ ಹತ್ತಿರ ನಮ್ಮ ಮಾವನ ಮೆಕ್ಕೆಜೋಳದಲ್ಲಿ ಹಾಕಿದ್ದೆ. ಮೂರು ಬಲೆಯಲ್ಲಿ ನನ್ನ ಲ್ಯೂರ್, ಇನ್ನು ಮೂರರಲ್ಲಿ ಬರೀ ರಬ್ಬರ್. ಯಾವುದು ಯಾವುದು ಅಂತ ಮಾವನಿಗೆ ಹೇಳಿರಲಿಲ್ಲ, ನಂಬರ್ ಮಾತ್ರ ಬರೆದಿದ್ದೆ. ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಫೋನ್ ಬಂತು. 'ಒಂದರಾಗ ಐದು ಅದಾವ, ಮೂರರಾಗ ಏಳು, ಐದರಾಗ ನಾಲ್ಕು' ಅಂದರು. ಎರಡು, ನಾಲ್ಕು, ಆರು ನೋಡಿದ್ರಾ ಅಂತ ಕೇಳಿದೆ. 'ನೋಡೀನಿ. ಅದರಾಗ ಒಂದೂ ಇಲ್ಲ' ಅಂದರು.